ಗಲೆಟ್ ಮಾಡಲು ಬಿಲಿಗ್ ಕೊಳ್ಳಬೇಕಾ? ರೆನ್ ಊರಿನ ನನ್ನ ಅಡುಗೆಮನೆಯಿಂದ

ಗಲೆಟ್ ಅಂದರೆ ಬಕ್‌ವೀಟ್ ಹಿಟ್ಟಿನಲ್ಲಿ ಹುಯ್ಯುವ, ನಮ್ಮ ದೋಸೆಯಂಥ ತೆಳು ತಿಂಡಿ. ಅದನ್ನು ಮನೆಯಲ್ಲಿ ಮಾಡುವ ಆಸೆ ಇದ್ದರೆ, ದುಡ್ಡು ಮೊದಲು ಹಿಟ್ಟಿಗೆ ಹಾಕಿ. ಆಮೇಲೆ ಒಳ್ಳೆ ಕಬ್ಬಿಣಕ್ಕೆ. ಮೂರನೆಯದಾಗಿ ಹಿಟ್ಟು ಹರಡುವ ಒಂದು ಮರದ ಕೋಲಿಗೆ, ಅದರ ಹೆಸರು ರೊಜೆಲ್. ಗಲೆಟ್ ಹುಯ್ಯುವ ಕರೆಂಟಿನ ಯಂತ್ರ, ಅಂದರೆ ಬಿಲಿಗ್‌ನ ಮಾತು ಎಲ್ಲಕ್ಕಿಂತ ಕೊನೆಗೆ. ಯಂತ್ರ ಚೆನ್ನಾಗಿಲ್ಲ ಅಂತಲ್ಲ. ನನ್ನ ಹತ್ತಿರ ಇರುವುದು ಕ್ರಾಂಪೂಜ್ ಕಂಪನಿಯ ಮನೆಬಳಕೆಯ ಬಿಲಿಗ್, ನಲವತ್ತು ಸೆಂಟಿಮೀಟರ್ ಅಗಲದ್ದು. ನನಗೆ ಅದು ತುಂಬ ಇಷ್ಟ. ಆದರೆ ಎಲ್ಲರಿಗೂ ಅದು ಬೇಕಾ ಅನ್ನುವುದು ಬೇರೆ ಪ್ರಶ್ನೆ. ಊರಲ್ಲಿರುವ ಗೆಳತಿಯರು ಕೇಳುತ್ತಲೇ ಇರುತ್ತಾರೆ, ಅದಕ್ಕೆ ಎಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ.

ನಾನು ಅರಸೀಕೆರೆ ಕಡೆಯವಳು. ಗಂಡನ ಕೆಲಸದ ಸಲುವಾಗಿ ಫ್ರಾನ್ಸಿನ ಪಶ್ಚಿಮ ಮೂಲೆಯ ಬ್ರಿಟನಿಗೆ, ಅದರ ರಾಜಧಾನಿ ರೆನ್‌ಗೆ ಬಂದೆವು. ಇಲ್ಲಿ ಶನಿವಾರ ಬೆಳಿಗ್ಗೆ ಲೀಸ್ ಚೌಕದಲ್ಲಿ ದೊಡ್ಡ ಸಂತೆ ಸೇರುತ್ತದೆ. ಸೊಪ್ಪು, ಮೀನು, ಚೀಸ್, ಹೂವು ಎಲ್ಲ ಸಿಗುತ್ತದೆ. ಜನ ಮಾತ್ರ ಮೊದಲು ಸಾಲು ನಿಲ್ಲುವುದು ಗಲೆಟ್ ಗಾಡಿಯ ಮುಂದೆ. ಹಂದಿ ಮಾಂಸದ ಸಾಸೇಜನ್ನು ಗಲೆಟ್‌ನಲ್ಲಿ ಸುತ್ತಿ ಕೈಗೆ ಕೊಡುತ್ತಾರೆ. ಜನ ನಡೆಯುತ್ತಲೇ ತಿನ್ನುತ್ತಾರೆ. ಇಲ್ಲಿನ ಫುಟ್‌ಬಾಲ್ ಮೈದಾನದಲ್ಲೂ ಅದೇ ತಿಂಡಿ. ನಾನು ಮಾಂಸ ತಿನ್ನುವುದಿಲ್ಲ, ಹಾಗಾಗಿ ಬರೀ ಬೆಣ್ಣೆ ಹಚ್ಚಿದ್ದನ್ನು ಕೇಳಿ ತಿಂದೆ. ಹುರಿದ ಕಾಳಿನಂಥ ಘಮ, ಹಿಂದೆಯೇ ತುಸು ಕಹಿ, ಅಂಚು ಗರಿಗರಿ, ನಡುವೆ ಮೆತ್ತಗೆ. ಇದನ್ನು ಮನೆಯಲ್ಲಿ ಮಾಡಲೇಬೇಕು ಅಂತ ಅವತ್ತೇ ಅನ್ನಿಸಿತು.

ಬಕ್‌ವೀಟ್ ಗೋಧಿಯ ಜಾತಿ ಅಲ್ಲ. ಹುಲ್ಲಿನ ಕುಲದ್ದೇ ಅಲ್ಲ. ಅದರ ಕಾಳಿಗೆ ಮೂರು ಮೂಲೆ, ಸಿಪ್ಪೆ ಕಪ್ಪು. ನಮ್ಮಲ್ಲಿ ಉತ್ತರ ಭಾರತದವರು ನವರಾತ್ರಿ ಉಪವಾಸಕ್ಕೆ ಬಳಸುವ ಕುಟ್ಟು ಇದೇ. ಚೀನಾ ಕಡೆ ಹುಟ್ಟಿದ ಬೆಳೆ ಮಧ್ಯಯುಗದ ಕೊನೆಯ ಹೊತ್ತಿಗೆ ಯುರೋಪಿಗೆ ಬಂತು. ಬ್ರಿಟನಿಯ ಹುಳಿ ಮಣ್ಣಿನಲ್ಲಿ ಗೋಧಿ ಸರಿಯಾಗಿ ಬರುತ್ತಿರಲಿಲ್ಲ, ಇದು ಬಂತು. ಚಳಿ ಪೂರ್ತಿ ಕಳೆದ ಮೇಲೆ ಬಿತ್ತಿದರೂ ಸುಮಾರು ನೂರು ದಿನಕ್ಕೆ ಕೊಯ್ಲಿಗೆ ಸಿದ್ಧ. ಬಡವರ ಹೊಟ್ಟೆ ತುಂಬಿಸಿದ ಬೆಳೆ ಇದು, ನಮ್ಮ ಕಡೆಯ ರಾಗಿಯ ಹಾಗೆ. ಅದಕ್ಕೇ ಇರಬೇಕು, ಇಲ್ಲಿನ ಹಿರಿಯರು ಗಲೆಟ್ ಬಗ್ಗೆ ಮಾತಾಡುವಾಗ ದನಿಯಲ್ಲಿ ಒಂದು ಹಕ್ಕು ಇರುತ್ತದೆ.

ಈಗ ಬಿಲಿಗ್. ಅದು ದಪ್ಪ ಬೀಡಿನ ದುಂಡು ತಟ್ಟೆ, ಅಂಚಿಲ್ಲ, ಪೂರ್ತಿ ಸಪಾಟು. ಕೆಳಗೆ ಕಾಯಿಸುವ ಸುರುಳಿ, ಪಕ್ಕದಲ್ಲಿ ಶಾಖ ಹೆಚ್ಚುಕಮ್ಮಿ ಮಾಡುವ ಗುಂಡಿ. ಅಷ್ಟೇ. ಕ್ರಾಂಪೂಜ್ ಬ್ರಿಟನಿಯದೇ ಕಂಪನಿ, 1949ರಲ್ಲಿ ಶುರುವಾದದ್ದು. ಕ್ಯಾಂಪೇರ್ ಊರಿನ ಪಕ್ಕದ ಪ್ಲುಗುಫಾನ್‌ನಲ್ಲಿ ಅದರ ಕಾರ್ಖಾನೆ ಇದೆ. 2019ರಲ್ಲಿ ಅದನ್ನು ಸೆಬ್ ಗುಂಪು ಕೊಂಡಿತು, ಟೆಫಾಲ್ ಕೂಡ ಅದೇ ಗುಂಪಿನದು. ಇಲ್ಲಿನ ಎಷ್ಟೋ ಗಲೆಟ್ ಅಂಗಡಿಗಳಲ್ಲಿ ಇದೇ ಕಂಪನಿಯ ದೊಡ್ಡ ಬಿಲಿಗ್‌ಗಳನ್ನು ನೋಡಿದ್ದೇನೆ. ಮನೆಯದ್ದು ಅದರ ತಮ್ಮ.

ಬೀಡಿನ ಗುಣ ನಿಮಗೆ ಗೊತ್ತೇ ಇದೆ. ಕಾಯಲು ಹೊತ್ತು ಬೇಕು, ಕಾದ ಮೇಲೆ ಶಾಖ ಬಿಟ್ಟುಕೊಡುವುದಿಲ್ಲ. ಗಲೆಟ್‌ಗೆ ಬೇಕಾದದ್ದು ಇದೇ ಗುಣ. ಹಿಟ್ಟು ನೀರು ನೀರಾಗಿರುತ್ತದೆ. ಒಂದು ಸೌಟು ಹೊಯ್ದ ಕೂಡಲೇ ತಟ್ಟೆಯ ಶಾಖ ಬಿದ್ದುಹೋದರೆ ಹಿಟ್ಟು ಬೇಯುವ ಬದಲು ಅಂಟುತ್ತದೆ. ಶಾಖ ನಿಂತರೆ ನೀರು ಒಮ್ಮೆಗೇ ಆವಿಯಾಗಿ ಎದ್ದು, ಮೈತುಂಬ ಸಣ್ಣ ಕಣ್ಣು ಬೀಳುತ್ತದೆ. ಆ ಕಣ್ಣುಗಳಲ್ಲೇ ಆಮೇಲೆ ಬೆಣ್ಣೆ ಇಳಿಯುವುದು. ಇದಕ್ಕೂ ಮೊದಲು ಒಂದು ಅಗ್ಗದ ನಾನ್‌ಸ್ಟಿಕ್ ಯಂತ್ರದಲ್ಲಿ ಮಾಡುತ್ತಿದ್ದೆ, ಯಾವ ಕಂಪನಿ ಅನ್ನುವುದು ಬೇಡ. ಅದರಲ್ಲಿ ನಡುಭಾಗ ಮಾತ್ರ ಕಾಯುತ್ತಿತ್ತು, ಅಂಚು ಹಸಿ. ಒಂದಾದ ಮೇಲೊಂದು ಹುಯ್ಯುತ್ತ ಹೋದರೆ ಪ್ರತಿ ಗಲೆಟ್ ಹಿಂದಿನದಕ್ಕಿಂತ ಪೇಲವ. ಬೀಡಿನ ಮೇಲೆ ಆ ಗೋಳಿಲ್ಲ. ಮನೆಗೆ ಜನ ಬಂದಾಗ ಕೊನೆಯ ಗಲೆಟ್ ಕೂಡ ಮೊದಲಿನಷ್ಟೇ ಕೆಂಪಗೆ ಏಳುತ್ತದೆ.

ಆದರೆ ಹೊಸ ಬೀಡನ್ನು ತಂದ ದಿನವೇ ಹಿಟ್ಟು ಹುಯ್ಯುವ ಹಾಗಿಲ್ಲ. ಪಳಗಿಸಬೇಕು. ದೋಸೆ ಕಾವಲಿ ಪಳಗಿಸಿದವರಿಗೆ ಇದು ಹೊಸದಲ್ಲ. ಚೆನ್ನಾಗಿ ಕಾಯಿಸಿ, ತೆಳ್ಳಗೆ ಎಣ್ಣೆ ಸವರಿ, ಹೊಗೆಯಾಡಿ ಒಣಗುವ ತನಕ ಬಿಟ್ಟು, ಮತ್ತೆ ಸವರಬೇಕು. ಬೂದು ತಟ್ಟೆ ಕಂದಾಗಿ, ಆಮೇಲೆ ಕಪ್ಪಾಗಿ ಮಿರುಗುವವರೆಗೆ ಇದೇ ಕೆಲಸ. ಎಣ್ಣೆ ಜಾಸ್ತಿ ಹಾಕಿದರೆ ಅಂಟಂಟಾಗಿ ಉಳಿಯುತ್ತದೆ, ಅದಕ್ಕೇ ತೆಳ್ಳಗೆ ಅಂದೆ. ಕಿಟಕಿ ಎಲ್ಲ ತೆರೆದಿಡಿ. ಹೊಗೆ ಅಲಾರಂ ಇರುವ ಫ್ಲಾಟ್ ಆದರೆ ಬಾಲ್ಕನಿಯಲ್ಲೇ ಮಾಡುವುದು ಒಳ್ಳೆಯದು. ಪಳಗಿದ ಮೇಲೆ ಸೋಪು, ನೀರು ಯಾವುದೂ ಮುಟ್ಟಿಸಬಾರದು. ಒರೆಸಿ, ಎಣ್ಣೆಯ ಬಟ್ಟೆ ಆಡಿಸಿ, ಮುಚ್ಚಿಟ್ಟರೆ ಸಾಕು. ಗಲೆಟ್ ಮಾಡುವಾಗ ಇಲ್ಲಿನವರು ಬಟ್ಟೆಯ ದಿಂಡಿನಿಂದ ಎಣ್ಣೆ ಸವರುತ್ತಾರೆ. ನಾನು ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜುತ್ತೇನೆ. ಅಮ್ಮ ಮಾಡುತ್ತಿದ್ದದ್ದೇ, ಬಿಲಿಗ್‌ಗೂ ಸೊಗಸಾಗಿ ಒಗ್ಗುತ್ತದೆ.

ಕೊಳ್ಳುವ ಮೊದಲು ಯೋಚಿಸಬೇಕಾದದ್ದು ಭಾರ ಮತ್ತು ಜಾಗ. ಬೀಡಿನ ಬಿಲಿಗ್ ಯಾವ ಕಂಪನಿಯದ್ದಾದರೂ ಒಬ್ಬರೇ ಮೇಲಿನ ಕಪಾಟಿನಿಂದ ಇಳಿಸುವ ವಸ್ತುವಲ್ಲ. ಕೆಳಗೇ ಜಾಗ ಮಾಡಿಡಿ. ಸುತ್ತ ಕೈ ಆಡಿಸಲು ಮೇಜೂ ಬೇಕು. ಬೆಲೆಯೂ ನಾನ್‌ಸ್ಟಿಕ್ ಯಂತ್ರದ ಹಲವು ಪಟ್ಟು. ಫ್ರಾನ್ಸಿನಲ್ಲೂ ನಮ್ಮಲ್ಲೂ ವೋಲ್ಟೇಜ್ 230, ಹಾಗಾಗಿ ಆ ವಿಷಯದಲ್ಲಿ ತೊಂದರೆ ಇಲ್ಲ. ಪ್ಲಗ್ಗಿನ ಆಕಾರ ಮಾತ್ರ ಬೇರೆ. ಇಷ್ಟಾದರೂ ವಿಮಾನದ ಸಾಮಾನಿನಲ್ಲಿ ಇದನ್ನು ಹೊತ್ತು ತನ್ನಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಯಾಕೆ ಅಂತ ಮುಂದೆ ಬರುತ್ತದೆ.

ಹಿಟ್ಟಿನ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ರುಚಿ ಎಲ್ಲ ಅಲ್ಲೇ ಇರುವುದು. ಇಲ್ಲಿ ಸೂಪರ್‌ಮಾರ್ಕೆಟ್ಟಿನ ಕಪಾಟಿನಲ್ಲಿ ಬಗೆಬಗೆಯ ಪ್ಯಾಕೆಟ್ ಇರುತ್ತದೆ. ಫ್ರಾನ್ಸಿನಲ್ಲಿ ತಿನ್ನುವಷ್ಟು ಬಕ್‌ವೀಟ್ ಫ್ರಾನ್ಸಿನಲ್ಲೇ ಬೆಳೆಯುವುದಿಲ್ಲ, ಹೊರದೇಶದ ಕಾಳೂ ಬರುತ್ತದೆ. ಬ್ರಿಟನಿಯ ಹಿಟ್ಟೇ ಬೇಕಾದರೆ ‘ಫಾರಿನ್ ದ ಬ್ಲೆ ನ್ವಾರ್ ದ ಬ್ರೆತಾನ್ಯ’ ಅನ್ನುವ ಹೆಸರಿನ ಜೊತೆ ಯುರೋಪಿನ ನೀಲಿ-ಹಳದಿ ಐಜಿಪಿ ಮುದ್ರೆ ಹುಡುಕಿ. 2010ರಲ್ಲಿ ಈ ಹಿಟ್ಟಿಗೆ ಆ ಮುದ್ರೆ ಸಿಕ್ಕಿತು. ನಮ್ಮ ಜಿಐ ಟ್ಯಾಗ್ ಇದ್ದಂತೆ.

ಪ್ಯಾಕೆಟ್ ಬಿಚ್ಚಿದರೆ ಹಿಟ್ಟು ಬಿಳಿ ಅಲ್ಲ, ಬೂದು. ನಡುನಡುವೆ ಸಿಪ್ಪೆಯ ಕಪ್ಪು ಚುಕ್ಕಿ. ಕಲ್ಲಿನಲ್ಲಿ ಬೀಸಿದ್ದಾದರೆ ಚುಕ್ಕಿ ಇನ್ನೂ ಜಾಸ್ತಿ, ಘಮವೂ ಜಾಸ್ತಿ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿ. ಒಣ ಮಣ್ಣಿನ ಮೇಲೆ ಮಳೆ ಬಿದ್ದ ಹಾಗಿನ ವಾಸನೆ ಬಂದು, ಕೊನೆಗೆ ನಾಲಿಗೆಯ ಹಿಂಬದಿಯಲ್ಲಿ ಕಹಿ ನಿಲ್ಲಬೇಕು. ಕಮಟು ವಾಸನೆ ಬಂದರೆ ಹಳೆಯದು, ಬಿಸಾಡಿ. ಈ ಕಾಳಿನಲ್ಲಿ ಎಣ್ಣೆಯಂಶ ಇದೆ, ಬೀಸಿದ ಮೇಲೆ ಬೇಗ ಕೆಡುತ್ತದೆ. ನಾನು ಸಣ್ಣ ಪ್ಯಾಕೆಟ್ಟೇ ತರುತ್ತೇನೆ, ಬಿಚ್ಚಿದ ಮೇಲೆ ಡಬ್ಬಿಗೆ ಹಾಕಿ ಫ್ರಿಡ್ಜ್‌ನಲ್ಲಿಡುತ್ತೇನೆ.

ಅಳತೆ ಇಲ್ಲಿ ಎಲ್ಲರ ಬಾಯಲ್ಲೂ ಹೆಚ್ಚುಕಡಿಮೆ ಒಂದೇ. 330 ಗ್ರಾಂ ಹಿಟ್ಟು, 10 ಗ್ರಾಂ ಕಲ್ಲುಪ್ಪು, 750 ಮಿಲಿಲೀಟರ್ ತಣ್ಣೀರು, ಬೇಕಾದರೆ ಒಂದು ಮೊಟ್ಟೆ. ರೆನ್ ಕಡೆಯ ಹಳಬರು ಮೊಟ್ಟೆಯನ್ನೂ ಬೇಡ ಅನ್ನುತ್ತಾರೆ. ಹಿಟ್ಟು, ನೀರು, ಉಪ್ಪು, ಮುಗಿಯಿತು. ಪಶ್ಚಿಮಕ್ಕೆ, ಫಿನಿಸ್ಟೇರ್ ಕಡೆಗೆ ಹೋದರೆ ಕೆಲವರು ಸ್ವಲ್ಪ ಗೋಧಿ ಹಿಟ್ಟು, ಹಾಲು ಸೇರಿಸಿ, ಕಾಗದದಷ್ಟು ತೆಳ್ಳಗೆ ಗರಿಗರಿಯಾಗಿ ಮಾಡುತ್ತಾರೆ. ಎರಡೂ ಕಡೆಯವರು ತಮ್ಮದೇ ಸರಿ ಅಂತ ಹಟ ಹಿಡಿಯುತ್ತಾರೆ. ನನಗೆ ರೆನ್ ಕಡೆಯ ಮೆತ್ತನೆಯ ಗಲೆಟ್ಟೇ ಇಷ್ಟ. ಗೋಧಿಯಲ್ಲಿರುವ ಜಿಗುಟಿನ ಅಂಶ, ಅಂದರೆ ಗ್ಲುಟನ್ ಆಗದವರಿಗೆ ಒಂದು ಮಾತು. ಬಕ್‌ವೀಟ್‌ನಲ್ಲಿ ಗ್ಲುಟನ್ ಇಲ್ಲ, ನಿಜ. ಆದರೆ ಹೋಟೆಲಿನಲ್ಲಿ ಗೋಧಿ ಸೇರಿಸಿದ್ದಾರಾ, ಗೋಧಿಯ ಸಿಹಿ ಕ್ರೆಪ್ ಹುಯ್ಯುವ ತಟ್ಟೆಯಲ್ಲೇ ಇದನ್ನೂ ಮಾಡುತ್ತಾರಾ ಅಂತ ಕೇಳಿಯೇ ತಿನ್ನಿ.

ಕಲಸುವುದನ್ನು ನನಗೆ ಕಲಿಸಿದ್ದು ನಮ್ಮ ಕೆಳಗಿನ ಮನೆಯ ಅಜ್ಜಿ. ನಾನು ಅವರನ್ನು ‘ಮದಾಮ್’ ಅಂತಲೇ ಕರೆಯುವುದು, ಅವರು ನನಗೆ ‘ಮಾ ಪೆತೀತ್’ ಅನ್ನುತ್ತಾರೆ. ನಮ್ಮಲ್ಲಿ ಹಿರಿಯರು ‘ಮಗಳೇ’ ಅಂದ ಹಾಗೆ. ಅವರು ಅಳತೆ ಲೋಟ ಮುಟ್ಟುವುದೇ ಇಲ್ಲ. ದೊಡ್ಡ ಬೋಗುಣಿಗೆ ಹಿಟ್ಟು, ಕಲ್ಲುಪ್ಪು ಹಾಕಿ, ನೀರನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾರೆ. ಮೊದಲು ಗಟ್ಟಿಯಾಗಿಯೇ ಇರಬೇಕು. ಆಗ ಬರಿಗೈಯಲ್ಲಿ, ಬೆರಳು ಬಿಡಿಸಿ, ಬೋಗುಣಿಯ ತಳದಿಂದ ಹಿಟ್ಟನ್ನು ಎತ್ತಿ ಎತ್ತಿ ಬಡಿಯುತ್ತಾರೆ. “ಗಾಳಿ ಹೋಗಬೇಕು ಒಳಗೆ, ಗಾಳಿ” ಅಂತ ಹೇಳುತ್ತಲೇ ಇರುತ್ತಾರೆ. ಬಡಿದಂತೆ ಹಿಟ್ಟು ನುಣುಪಾಗಿ, ಬಣ್ಣ ತಿಳಿಯಾಗಿ, ಎತ್ತಿದರೆ ರಿಬ್ಬನ್ನಿನಂತೆ ಬೀಳುತ್ತದೆ. ಉಳಿದ ನೀರು ಆಮೇಲೆ. ನಾನು ಮಿಕ್ಸರಿನಲ್ಲೂ ತಿರುಗಿಸಿ ನೋಡಿದ್ದೇನೆ, ಕೆಲಸ ಆಗುತ್ತದೆ. ಆದರೆ ಕೈಯಲ್ಲಿ ಬಡಿದ ಹಿಟ್ಟಿನ ಗಲೆಟ್‌ನಲ್ಲಿ ಕಣ್ಣು ಹೆಚ್ಚು ಬೀಳುತ್ತದೆ. ಅಜ್ಜಿ ಹೇಳುವುದೇ ಸರಿ.

ಗ್ಲುಟನ್ ಇಲ್ಲದ ಹಿಟ್ಟು ಅಲ್ವಾ, ಹಿಡಿದು ನಿಲ್ಲಿಸುವ ಜಿಗುಟು ಎಲ್ಲಿಂದ ಬರಬೇಕು? ನೆನೆಯುವುದರಿಂದ. ನೀರು ಕುಡಿದ ಹಿಟ್ಟು ಊದಿಕೊಂಡು ತುಸು ಲೋಳೆಯಾಗುತ್ತದೆ. ಎರಡು ಗಂಟೆಯಾದರೂ ಬಿಡಬೇಕು. ನಾನು ರಾತ್ರಿಯೇ ಕಲಸಿ ಫ್ರಿಡ್ಜ್‌ನಲ್ಲಿಡುತ್ತೇನೆ. ಬೆಳಿಗ್ಗೆ ಮೇಲೆ ಕಪ್ಪು ನೀರು ನಿಂತಿರುತ್ತದೆ, ಗಾಬರಿಯಾಗಬೇಡಿ. ಚೆನ್ನಾಗಿ ಕದಡಿ, ಗಟ್ಟಿ ಅನ್ನಿಸಿದರೆ ಒಂದಿಷ್ಟು ನೀರು ಬಿಡಿ. ದೋಸೆ ಹಿಟ್ಟಿಗಿಂತ ತೆಳು, ನೀರುದೋಸೆ ಹಿಟ್ಟಿಗಿಂತ ದಪ್ಪ, ಆ ಹದ. ಉದ್ದು ಇಲ್ಲ, ಹುಳಿ ಬರಿಸುವ ಕೆಲಸವೂ ಇಲ್ಲ.

ರೊಜೆಲ್ ಅಂದರೆ ಇಂಗ್ಲಿಷಿನ ಟೀ ಅಕ್ಷರದ ಆಕಾರದ ಮರದ ಕೋಲು. ನೋಡಲು ಏನೂ ಅಲ್ಲ, ಬೆಲೆಯೂ ಕಡಿಮೆ. ಆದರೆ ಬಿಲಿಗ್‌ಗಿಂತ ಹೆಚ್ಚು ಕೆಲಸ ಮಾಡುವುದು ಇದೇ. ದೋಸೆ ಹುಯ್ಯುವ ನಮ್ಮ ಕೈ ಸೌಟಿನ ತಳವನ್ನು ಹಿಟ್ಟಿನ ಮೇಲೆ ಒತ್ತಿ, ನಡುವಿನಿಂದ ಹೊರಗೆ ಸುತ್ತುತ್ತ ಹೋಗುತ್ತದೆ. ರೊಜೆಲ್ ಹಿಡಿದಾಗ ಒತ್ತಲೇಬಾರದು. ಬೆರಳ ತುದಿಯಲ್ಲಿ ಹಗುರಾಗಿ ಹಿಡಿದು, ಅದರ ಅಂಚು ಹಿಟ್ಟಿನ ಮೇಲೆ ತೇಲುವ ಹಾಗೆ, ಮಣಿಕಟ್ಟನ್ನು ಮಾತ್ರ ತಿರುಗಿಸಬೇಕು. ಹಿಟ್ಟನ್ನು ತಳ್ಳುವುದಲ್ಲ, ಜೊತೆಗೆ ಕರೆದುಕೊಂಡು ಹೋಗುವುದು. ತಟ್ಟೆ ಅಷ್ಟು ಕಾದಿರುವುದರಿಂದ ಹುಯ್ದ ಹಿಟ್ಟು ಕ್ಷಣದಲ್ಲಿ ಕಚ್ಚಿಕೊಳ್ಳುತ್ತದೆ, ಎರಡನೇ ಸಲ ಅದೇ ಜಾಗಕ್ಕೆ ಹೋದರೆ ಕಿತ್ತುಬರುತ್ತದೆ. ಹಾಗಾಗಿ ಒಂದೇ ಓಟದಲ್ಲಿ ಮುಗಿಸಬೇಕು. ಪಕ್ಕದಲ್ಲಿ ನೀರಿನ ಪಾತ್ರೆ ಇಟ್ಟುಕೊಂಡು, ಪ್ರತಿ ಸಲ ರೊಜೆಲ್ ಅದ್ದಿ ಒದರಿ ಹಿಡಿಯಿರಿ. ಪ್ಲಾಸ್ಟಿಕ್ಕಿನ ರೊಜೆಲ್‌ಗಳೂ ಸಿಗುತ್ತವೆ, ಬೇಡ. ಬೀಚ್ ಮರದ್ದು ತೆಗೆದುಕೊಳ್ಳಿ.

ಜೊತೆಗೆ ಸ್ಪಾನೆಲ್ ಅಂತ ಉದ್ದನೆಯ ತೆಳು ಮರದ ಪಟ್ಟಿ ಬರುತ್ತದೆ, ಮಗುಚಲು. ಅದರ ಬದಲು ನಮ್ಮ ದೋಸೆ ಮಗುಚುವ ಕೈಯೂ ನಡೆಯುತ್ತದೆ. ಅಂಚು ತಾನಾಗಿ ಮೇಲೆದ್ದಾಗ ಅಡಿಗೆ ತೂರಿಸಿ, ಒಂದೇ ಸಲಕ್ಕೆ ತಿರುಗಿಸಿ. ಬಿಲಿಗ್‌ನ ಶಾಖವನ್ನು ನಾನು 230 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತೇನೆ.

ಒಳಗೆ ಏನು ಹಾಕುವುದು? ಇಲ್ಲಿನ ಹೋಟೆಲುಗಳ ಮೂಲ ಗಲೆಟ್‌ನಲ್ಲಿ ಮೊಟ್ಟೆ, ಹ್ಯಾಮ್, ಎಮ್ಮೆಂತಾಲ್ ಚೀಸ್ ಇರುತ್ತದೆ. ನಾಲ್ಕು ಕಡೆ ಮಡಚಿ ಚೌಕ ಮಾಡಿ, ನಡುವೆ ಹಳದಿ ಕಾಣುವಂತೆ ಕೊಡುತ್ತಾರೆ. ಸಸ್ಯಾಹಾರಿಗಳಿಗೆ ಲೀಕ್ ಸೊಪ್ಪನ್ನು ಬೆಣ್ಣೆಯಲ್ಲಿ ಮೆತ್ತಗೆ ಬೇಯಿಸಿದ್ದು, ಅಣಬೆ, ಆಡಿನ ಹಾಲಿನ ಚೀಸ್ ಜೊತೆ ಜೇನುತುಪ್ಪ, ಹೀಗೆ ಬೇಕಾದಷ್ಟಿದೆ. ಹೊರಗೆ ತಿನ್ನುವಾಗ ಮಾತ್ರ ತಟ್ಟೆಗೆ ಏನು ಸವರುತ್ತಾರೆ ಅಂತ ಕೇಳಿ. ಹಳೆ ಪದ್ಧತಿಯಲ್ಲಿ ಹಂದಿ ಕೊಬ್ಬು ಸವರುವುದುಂಟು. ಚೀಸ್‌ನಲ್ಲೂ ಹಾಲು ಒಡೆಸಲು ಹಾಕುವ, ಕರುವಿನ ಹೊಟ್ಟೆಯ ರೆನ್ನೆಟ್ ಇರಬಹುದು, ಪ್ಯಾಕೆಟ್ ಓದಿ. ಮನೆಯಲ್ಲೇ ಮಾಡಿಕೊಳ್ಳುವ ದೊಡ್ಡ ಲಾಭ ಇದು.

ನನಗೆ ಎಲ್ಲಕ್ಕಿಂತ ಇಷ್ಟ ಬರೀ ಬೆಣ್ಣೆಯದ್ದು. ಬ್ರಿಟನಿಯ ಬೆಣ್ಣೆಗೆ ಉಪ್ಪು ಸೇರಿರುತ್ತದೆ. ಹಿಂದೆ ಫ್ರಾನ್ಸಿನ ರಾಜರು ಉಪ್ಪಿನ ಮೇಲೆ ಗಾಬೆಲ್ ಅನ್ನುವ ತೆರಿಗೆ ಹಾಕಿದ್ದಾಗ ಬ್ರಿಟನಿಗೆ ಅದರಿಂದ ವಿನಾಯಿತಿ ಇತ್ತು. ಉಪ್ಪು ಅಗ್ಗ ಇದ್ದ ಕಡೆ ಬೆಣ್ಣೆಗೆ ಉಪ್ಪು ಬಿತ್ತು. ಬಿಸಿ ಗಲೆಟ್ ಮೇಲೆ ಆ ಬೆಣ್ಣೆಯ ತುಂಡು ಇಟ್ಟು, ಕರಗುವಾಗ ಮಡಚಿ, ಜೊತೆಗೆ ಲೆ ರಿಬೊ ಕುಡಿಯುತ್ತಾರೆ. ಲೆ ರಿಬೊ ಅಂದರೆ ಮಜ್ಜಿಗೆ! ಗಟ್ಟಿಯಾದ, ಹುಳಿ ಬಂದ ಮಜ್ಜಿಗೆ. ಪ್ರವಾಸಿಗರು ಸೈಡರ್ ಅನ್ನುವ ಸೇಬಿನ ಮದ್ಯ ಕೇಳುತ್ತಾರೆ, ಅಜ್ಜಿ ಮಾತ್ರ ಲೆ ರಿಬೊ ಬಿಟ್ಟು ಬೇರೆ ಕುಡಿಯುವುದಿಲ್ಲ, ನಾನೂ ಅಷ್ಟೇ. ಹಸಿಮೆಣಸಿನ ಚಟ್ನಿಯೂ ಗಲೆಟ್‌ಗೆ ಚೆನ್ನಾಗಿ ಹೊಂದುತ್ತದೆ. ಅಜ್ಜಿಗೂ ರುಚಿ ತೋರಿಸಿದೆ. “ಬೆಣ್ಣೆ ಜಾಸ್ತಿ ಬೇಕು ಇದಕ್ಕೆ” ಅಂದರು, ಪೂರ್ತಿ ತಿಂದರು.

ಕಳೆದ ರಜೆಯಲ್ಲಿ ಹಿಟ್ಟಿನ ಪ್ಯಾಕೆಟ್, ಒಂದು ರೊಜೆಲ್ ಅರಸೀಕೆರೆಗೆ ತೆಗೆದುಕೊಂಡು ಹೋದೆ. ಅಮ್ಮನ ಹತ್ತಿರ ಅವರ ಅತ್ತೆಯ ಕಾಲದ ಬೀಡಿನ ಕಾವಲಿ ಇದೆ. ಗ್ಯಾಸ್ ಒಲೆಯ ಮೇಲೆ ಅದನ್ನಿಟ್ಟು, ನೀರು ಚಿಮುಕಿಸಿದರೆ ಹನಿ ಕುಣಿದು ಓಡುವಷ್ಟು ಕಾಯಿಸಿ ಹುಯ್ದೆವು. ಅಗಲ ಚಿಕ್ಕದು, ಆದರೆ ಕಣ್ಣು, ಅಂಚು, ಬಣ್ಣ, ರುಚಿ ಎಲ್ಲ ಬಿಲಿಗ್‌ನಷ್ಟೇ ಚೆನ್ನಾಗಿ ಬಂತು. “ಇದಕ್ಕೆ ಅಷ್ಟು ದುಡ್ಡು ಕೊಟ್ಟು ಯಂತ್ರ ಯಾಕೆ ತಗೊಂಡೆ ಕಣೇ?” ಅಂದರು ಅಮ್ಮ. ರೆನ್‌ನ ನಮ್ಮ ಮನೆಯಲ್ಲಿ ಇರುವುದು ಇಂಡಕ್ಷನ್ ಒಲೆ, ಅಗಲದ ಕಾವಲಿಯ ಅಂಚಿನವರೆಗೆ ಅದರ ಶಾಖ ಸರಿಯಾಗಿ ಹೋಗುವುದಿಲ್ಲ. ಗ್ಯಾಸ್ ಒಲೆ, ಪಳಗಿದ ಬೀಡಿನ ಕಾವಲಿ ಎರಡೂ ಇರುವವರಿಗೆ ಅಮ್ಮನ ಮಾತೇ ಉತ್ತರ. ಬಿಲಿಗ್ ಬೇಡ, ರೊಜೆಲ್ ಒಂದು ತರಿಸಿಕೊಳ್ಳಿ. ಕಾವಲಿಗೆ ಎತ್ತರದ ಅಂಚಿದ್ದರೆ ಸಣ್ಣ ರೊಜೆಲ್ ಆರಿಸಿ, ಇಲ್ಲದಿದ್ದರೆ ಆಡಿಸಲು ಜಾಗ ಸಾಲದು.

ಬೆಂಗಳೂರಿನಲ್ಲಿ ಹಿಟ್ಟು ಹುಡುಕುವವರಿಗೆ ಕುಟ್ಟು ಹಿಟ್ಟು ಸಿಗುತ್ತದೆ, ನವರಾತ್ರಿ ಹತ್ತಿರ ಬಂದಾಗ ಇನ್ನೂ ಸುಲಭ. ಸಾಮಾನ್ಯವಾಗಿ ಸಿಪ್ಪೆ ತೆಗೆದು ಬೀಸಿರುವುದರಿಂದ ಬಣ್ಣ ತಿಳಿ, ರುಚಿ ಸಪ್ಪೆ. ಗಲೆಟ್ ಆಗುತ್ತದೆ, ಆ ಹುರಿದ ಘಮ ಮಾತ್ರ ಕಡಿಮೆ. ಹಳೆಯ ಸ್ಟಾಕ್ ಬಗ್ಗೆ ತುಂಬ ಎಚ್ಚರಿಕೆ ಬೇಕು. ಕೆಟ್ಟ ಕುಟ್ಟು ಹಿಟ್ಟು ತಿಂದು ಜನ ಆಸ್ಪತ್ರೆ ಸೇರಿದ ಸುದ್ದಿ ಉತ್ತರ ಭಾರತದಿಂದ ನವರಾತ್ರಿ ಹೊತ್ತಿಗೆ ಬರುವುದುಂಟು. ತಯಾರಿಸಿದ ತಾರೀಖು ನೋಡದೆ, ಬಿಡಿ ಚೀಲದಿಂದ ತೂಗಿ ಕೊಟ್ಟದ್ದನ್ನು ತರಬೇಡಿ. ಕಾಳು ಸಿಕ್ಕರೆ ಮನೆಯಲ್ಲೇ ಬೀಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಇನ್ನೊಂದು, ಬಕ್‌ವೀಟ್ ಅಲರ್ಜಿ ಕೆಲವರಿಗೆ ಜೋರಾಗಿಯೇ ಆಗುತ್ತದೆ. ಮಕ್ಕಳಿಗೆ ಮೊದಲ ಸಲ ಕೊಡುವಾಗ ಒಂದು ಸಣ್ಣ ತುಂಡು ಕೊಟ್ಟು ನೋಡಿ.

ಹಾಗಾದರೆ ಬಿಲಿಗ್ ಯಾರಿಗೆ? ಇಂಡಕ್ಷನ್ ಒಲೆಯ ಮನೆಯವರಿಗೆ. ಹತ್ತು ಜನಕ್ಕೆ ಕೂರಿಸಿ ಬಡಿಸುವ ಖುಷಿ ಇರುವವರಿಗೆ. ಅಂಗೈ ಅಗಲದ್ದಲ್ಲ, ತಟ್ಟೆಯಿಂದ ಆಚೆ ಇಳಿಯುವಂಥ ಗಲೆಟ್ಟೇ ಬೇಕು ಅನ್ನುವವರಿಗೆ. ಅಂಥವರು ಧೈರ್ಯವಾಗಿ ತೆಗೆದುಕೊಳ್ಳಿ, ಬೀಡಿನದ್ದೇ ತೆಗೆದುಕೊಳ್ಳಿ. ನನ್ನದಂತೂ ದಿನ ಕಳೆದಂತೆ ಇನ್ನೂ ಪಳಗುತ್ತಿದೆ, ಎಣ್ಣೆ ಬೇಡುವುದು ಕಡಿಮೆಯಾಗಿದೆ. ಸೆಕೆಂಡ್ ಹ್ಯಾಂಡ್ ಸಿಕ್ಕರೂ ಹಿಂಜರಿಯಬೇಡಿ. ತಟ್ಟೆ ಬಿರುಕು ಬಿಟ್ಟಿಲ್ಲ, ತಂತಿ ಸರಿಯಿದೆ ಅಂತ ನೋಡಿಕೊಂಡರೆ ಸಾಕು. ಮೇಲಿನ ತುಕ್ಕನ್ನು ಉಜ್ಜಿ ತೆಗೆದು ಮತ್ತೆ ಪಳಗಿಸಬಹುದು.

ಒಂದೇ ಸಲಕ್ಕೆ ಹೆಚ್ಚು ಮಾಡಿಟ್ಟುಕೊಳ್ಳುವವರು ಆರಿದ ಗಲೆಟ್‌ಗಳನ್ನು ಒಂದರ ಮೇಲೊಂದು ಪೇರಿಸಿ, ಬಟ್ಟೆಯಲ್ಲಿ ಸುತ್ತಿ ಫ್ರಿಡ್ಜ್‌ನಲ್ಲಿಡಿ. ಎರಡು ದಿನ ಚೆನ್ನಾಗಿರುತ್ತವೆ. ತಿನ್ನುವಾಗ ಬಾಣಲೆಯಲ್ಲಿ ಬೆಣ್ಣೆ ಹಾಕಿ, ಎರಡೂ ಕಡೆ ಗರಿಗರಿಯಾಗುವ ತನಕ ಬಿಸಿ ಮಾಡಿ. ಮೈಕ್ರೋವೇವ್‌ನಲ್ಲಿಟ್ಟರೆ ರಬ್ಬರಿನಂತಾಗುತ್ತದೆ.